ಅಸಾಂಕ್ರಾಮಿಕ ರೋಗ ಕ್ಲಿನಿಕ್‌ಗೆ ಬರುವವರಲ್ಲಿ ಕೊಬ್ಬಿನ ಯಕೃತ್ ರೋಗದ ತಪಾಸಣೆ

(ಹೂಡೆಯಲ್ಲಿ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಇಂದು ನನಗೆ ವಹಿಸಿರುವ ವಿಷಯ ಯಕೃತ್ತಿನಲ್ಲಿ ಕೊಬ್ಬು ಸಂಗ್ರಹವಾಗುವ ರೋಗ. ಜನರ ಬಾಯಲ್ಲಿ ಅದು ‘ಫ್ಯಾಟಿ ಲಿವರ್’. ಈ ಹೆಸರು ಈಗ ಯಾರಿಗೂ ಹೊಸದಾಗಿ ಉಳಿದಿಲ್ಲ. ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿಕೊಂಡವರ ವರದಿಯ ಕೊನೆಯ ಭಾಗದಲ್ಲಿ ‘ಗ್ರೇಡ್ ಒಂದು ಫ್ಯಾಟಿ ಲಿವರ್’ ಎಂಬ ಒಂದು ಸಾಲು ಇರುತ್ತದೆ. ಕಲ್ಲು ಇದೆಯೇ ಎಂದು ನೋಡಲು ಹೋದವರು ಕಲ್ಲಿಲ್ಲವೆಂಬ ಸಮಾಧಾನದಲ್ಲಿ ಆ ಸಾಲನ್ನು ಮರೆತು ವರದಿಯನ್ನು ಕಪಾಟಿನಲ್ಲಿಡುತ್ತಾರೆ. ಇನ್ನು ಕೆಲವರು ಆ ಒಂದು ಸಾಲಿನಿಂದಲೇ ಗಾಬರಿಗೊಂಡು ಕಂಡಕಂಡ ಟಾನಿಕ್ ಕುಡಿಯಲಾರಂಭಿಸುತ್ತಾರೆ. ಇವೆರಡೂ ಸರಿಯಲ್ಲ.

ಪಂಚಾಯತ್ ಸದಸ್ಯರಿಂದ ನಮಗೆ ಆಗಾಗ ಬರುವ ಕೋರಿಕೆಯೊಂದಿದೆ: ‘ನಮ್ಮ ವಾರ್ಡಿನಲ್ಲಿ ಒಂದು ಲಿವರ್ ಕ್ಯಾಂಪ್ ಮಾಡಿಸಿಕೊಡಿ.’ ಕೋರಿಕೆಯ ಹಿಂದಿರುವ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ನನ್ನ ಅಭಿಪ್ರಾಯದಲ್ಲಿ ಮೊದಲು ಆಗಬೇಕಾದ ಕೆಲಸ ಶಿಬಿರವಲ್ಲ. ಯಾರ ಯಕೃತ್ತನ್ನು ಮೊದಲು ನೋಡಬೇಕೋ ಅವರ ಹೆಸರುಗಳು ಈಗಾಗಲೇ ನಮ್ಮ ಕೈಯಲ್ಲಿವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪ್ರತಿ ತಿಂಗಳು ಮಧುಮೇಹದ ಮಾತ್ರೆಗೆ, ರಕ್ತದೊತ್ತಡದ ಮಾತ್ರೆಗೆ ಬಂದು ಸಾಲಿನಲ್ಲಿ ನಿಲ್ಲುವವರೇ ಅವರು. ಅವರ ವಿವರ ಅಸಾಂಕ್ರಾಮಿಕ ರೋಗಗಳ ದಾಖಲೆಯಲ್ಲಿದೆ. ಆ ದಾಖಲೆಯನ್ನು ಯಕೃತ್ತಿನ ದೃಷ್ಟಿಯಿಂದ ಇನ್ನೊಮ್ಮೆ ಓದುವುದು ಹೇಗೆ, ಅದರಲ್ಲಿ ತಮ್ಮ ಪಾತ್ರವೇನು ಎಂಬುದಷ್ಟನ್ನೇ ಹೇಳಲು ಬಂದಿದ್ದೇನೆ.

ಮೊದಲು ರೋಗದ ಪರಿಚಯ. ಯಕೃತ್ತು ನಮ್ಮ ಬಲಭಾಗದ ಪಕ್ಕೆಲುಬುಗಳ ಕೆಳಗೆ ಇರುವ, ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಉಂಡ ಆಹಾರದ ಸಕ್ಕರೆಯಂಶ ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದಾಗ ಅದನ್ನು ಕೊಬ್ಬನ್ನಾಗಿ ಪರಿವರ್ತಿಸುವುದು ಅದರ ಸಹಜ ಕೆಲಸಗಳಲ್ಲಿ ಒಂದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ದೇಹದಲ್ಲಿ ಈ ಪರಿವರ್ತನೆ ಮಿತಿಮೀರುತ್ತದೆ; ಹೊಟ್ಟೆಯ ಸುತ್ತಲಿನ ಕೊಬ್ಬಿನಿಂದಲೂ ಯಕೃತ್ತಿಗೆ ಹರಿವು ಹೆಚ್ಚುತ್ತದೆ. ಯಕೃತ್ತಿನ ಶೇ. 5ಕ್ಕಿಂತ ಹೆಚ್ಚು ಭಾಗದಲ್ಲಿ ಕೊಬ್ಬು ನೆಲೆಸಿದರೆ ಅದನ್ನು ಕೊಬ್ಬಿನ ಯಕೃತ್ತು ಎನ್ನುತ್ತೇವೆ. ಬಹುಮಂದಿಯಲ್ಲಿ ವಿಷಯ ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಕೊಬ್ಬು ತುಂಬಿದ ಜೀವಕೋಶಗಳಲ್ಲಿ ಉರಿಯೂತ ಉಂಟಾಗಿ, ಆ ಗಾಯ ಮಾಯುವಾಗ ನಾರುಗಟ್ಟಲು ತೊಡಗುತ್ತದೆ. ಹರಿದ ಬಲೆಯನ್ನು ಮತ್ತೆ ಮತ್ತೆ ದಪ್ಪ ದಾರದಿಂದ ಹೆಣೆಯುತ್ತಾ ಹೋದರೆ ಕೊನೆಗೆ ಅದರಲ್ಲಿ ನೀರೇ ದಾಟದಂತಾಗುತ್ತದೆಯಲ್ಲವೇ, ಹಾಗೆ. ಆ ಸ್ಥಿತಿಯೇ ಸಿರೋಸಿಸ್. ಅಲ್ಲಿಂದ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತವಾಂತಿ, ಯಕೃತ್ತಿನ ಕ್ಯಾನ್ಸರ್ ಇವೆಲ್ಲ ದೂರವಿಲ್ಲ.

ಈ ದಾರಿ ಹತ್ತು, ಇಪ್ಪತ್ತು ವರ್ಷ ಹಿಡಿಯಬಹುದು. ಆ ಅವಧಿಯಲ್ಲಿ ನೋವಿಲ್ಲ, ಜ್ವರವಿಲ್ಲ, ಕಣ್ಣು ಹಳದಿಯಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಯಕೃತ್ತಿನ ರೋಗವೆಂದರೆ ಕಾಮಾಲೆ ಎಂಬ ತಿಳಿವಳಿಕೆ ಬಲವಾಗಿದೆ. ಕಣ್ಣು ಹಳದಿಯಾದರೆ ಜನ ಎಚ್ಚರಗೊಳ್ಳುತ್ತಾರೆ, ಪಥ್ಯ ಮಾಡುತ್ತಾರೆ, ಮದ್ದು ಕೊಡುವವರ ಮನೆ ಹುಡುಕಿಕೊಂಡು ಹೋಗುತ್ತಾರೆ. ಕೊಬ್ಬಿನ ಯಕೃತ್ ರೋಗದಲ್ಲಿ ಹಳದಿ ಕಾಣಿಸಿಕೊಳ್ಳುವುದು ಬಹಳ ತಡವಾಗಿ. ಆ ವೇಳೆಗೆ ಮಾಡಲು ಉಳಿದಿರುವುದು ಸ್ವಲ್ಪವೇ.

ಇನ್ನೊಂದು ತಿಳಿವಳಿಕೆ ಇದಕ್ಕಿಂತಲೂ ಹೆಚ್ಚು ಹಾನಿ ಮಾಡುತ್ತಿದೆ. ‘ಲಿವರ್ ಹಾಳಾಗುವುದು ಕುಡಿಯುವವರಿಗೆ’ ಎಂಬುದು ಅದು. ಹೂಡೆ, ಕೆಮ್ಮಣ್ಣು ಪರಿಸರದಲ್ಲಿ ಮದ್ಯವನ್ನು ಮುಟ್ಟಿಯೂ ನೋಡದ ಕುಟುಂಬಗಳು ಬಹಳ. ಅಂತಹ ಮನೆಯ ಐವತ್ತರ ಹರೆಯದ ಮಹಿಳೆಗೆ ‘ನಿಮ್ಮ ಲಿವರಿನಲ್ಲಿ ತೊಂದರೆಯಿದೆ, ಪರೀಕ್ಷೆ ಮಾಡಿಸಬೇಕು’ ಎಂದರೆ ಆಕೆಗೆ ಆಗುವುದು ಭಯವಲ್ಲ, ಅವಮಾನ. ‘ಡಾಕ್ಟ್ರೇ, ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ, ನೀವು ಹೀಗೆ ಹೇಳಿದರೆ ಜನ ಏನೆಂದುಕೊಂಡಾರು?’ ಎಂಬ ಮಾತನ್ನು ಈ ಜಿಲ್ಲೆಯಲ್ಲಿ ಕೆಲಸ ಮಾಡಿದ ಯಾವ ವೈದ್ಯರೂ ಕೇಳದೆ ಇರಲಾರರು. ಮುಂದಿನ ಪರೀಕ್ಷೆಗೆ ಅವರು ಬರುವುದಿಲ್ಲ. ಕುಡಿತದ ಅಭ್ಯಾಸವಿರುವ ಮೀನುಗಾರ ಸಹೋದರನೂ ಬರುವುದಿಲ್ಲ. ಅವನ ಕಾರಣ ಬೇರೆ, ತನ್ನನ್ನು ಬೈಯುತ್ತಾರೆಂದು ಅವನು ಬರುವುದಿಲ್ಲ. ಹೀಗೆ ಒಂದೇ ತಪ್ಪು ತಿಳಿವಳಿಕೆ ಇಬ್ಬರನ್ನೂ ಕ್ಲಿನಿಕ್‌ನಿಂದ ದೂರವಿಡುತ್ತದೆ.

ವೈದ್ಯಲೋಕವೂ ಈ ಹೆಸರಿನ ವಿಷಯದಲ್ಲಿ ಬಹಳ ಕಾಲ ತೊಳಲಾಡಿದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಯುರ್ಗನ್ ಲುಡ್ವಿಗ್ ಮತ್ತು ಸಹೋದ್ಯೋಗಿಗಳು 1980ರಲ್ಲಿ 20 ರೋಗಿಗಳ ವಿವರ ಪ್ರಕಟಿಸಿ, ಮದ್ಯಪಾನಿಗಳ ಯಕೃತ್ತಿನಂತೆಯೇ ಕಾಣುವ ಆದರೆ ಮದ್ಯ ಸೇವಿಸದವರ ಯಕೃತ್ ಉರಿಯೂತಕ್ಕೆ ಹೆಸರು ಕೊಟ್ಟರು. ಅಂದಿನಿಂದ ‘ಮದ್ಯಪಾನೇತರ’ ಎಂಬ ವಿಶೇಷಣ ಈ ರೋಗಕ್ಕೆ ಅಂಟಿಕೊಂಡಿತು. ರೋಗ ಏನಲ್ಲ ಎಂದು ಹೇಳುವ ಹೆಸರು ಅದು. ಏನು ಎಂದು ಹೇಳುತ್ತಿರಲಿಲ್ಲ. 2023ರ ಜೂನ್ ತಿಂಗಳಲ್ಲಿ ಅಮೆರಿಕ, ಯುರೋಪ್ ಹಾಗೂ ಲ್ಯಾಟಿನ್ ಅಮೆರಿಕದ ಯಕೃತ್ ತಜ್ಞರ ಸಂಘಗಳು ಒಟ್ಟಾಗಿ ಹೊಸ ಹೆಸರನ್ನು ಪ್ರಕಟಿಸಿದವು. ಕನ್ನಡದಲ್ಲಿ ಅದನ್ನು ‘ಚಯಾಪಚಯ ದೋಷದಿಂದಾದ ಕೊಬ್ಬಿನ ಯಕೃತ್ ರೋಗ’ ಎನ್ನಬಹುದು. ಹೊಸ ಲಕ್ಷಣವಿವರಣೆಯ ಪ್ರಕಾರ ಯಕೃತ್ತಿನಲ್ಲಿ ಕೊಬ್ಬು ಇದ್ದು, ಜೊತೆಗೆ ಬೊಜ್ಜು ಅಥವಾ ಸೊಂಟದ ಹೆಚ್ಚಿನ ಸುತ್ತಳತೆ, ರಕ್ತದಲ್ಲಿ ಹೆಚ್ಚಿದ ಸಕ್ಕರೆ, 130/85ಕ್ಕೆ ಮುಟ್ಟಿದ ರಕ್ತದೊತ್ತಡ, ಹೆಚ್ಚಿದ ಟ್ರೈಗ್ಲಿಸರೈಡ್, ಕಡಿಮೆಯಾದ ಒಳ್ಳೆಯ ಕೊಲೆಸ್ಟರಾಲ್ ಈ ಐದರಲ್ಲಿ ಒಂದಾದರೂ ಇರಬೇಕು. ಈ ಐದನ್ನು ಗಮನಿಸಿರಿ. ನಮ್ಮ ಅಸಾಂಕ್ರಾಮಿಕ ರೋಗ ಕ್ಲಿನಿಕ್‌ನಲ್ಲಿ ಪ್ರತಿ ತಿಂಗಳು ನೋಡುವುದೂ ಇವನ್ನೇ ಅಲ್ಲವೇ? ರೋಗಕ್ಕೆ ಈಗ ಬಂದಿರುವ ಹೆಸರೇ ರೋಗಿ ಎಲ್ಲಿದ್ದಾನೆಂದು ತೋರಿಸುತ್ತಿದೆ.

ಭಾರತ ಸರ್ಕಾರವು 2021ರ ಫೆಬ್ರವರಿ 22ರಂದು ಈ ರೋಗವನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸುವ ಮಾರ್ಗಸೂಚಿಯನ್ನು ಬಿಡುಗಡೆ ಮಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಹಾಗೂ ತರಬೇತಿ ಕೈಪಿಡಿ ಬಂದವು. ಕರ್ನಾಟಕದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ತೆರಳಿ ಅಸಾಂಕ್ರಾಮಿಕ ರೋಗಗಳ ತಪಾಸಣೆ ಮಾಡಲಾಗುತ್ತಿದೆ. ಆದ್ದರಿಂದ ಆದೇಶದ ಕೊರತೆ ನಮಗಿಲ್ಲ. ಕೊರತೆ ಇರುವುದು ಒಂದು ಹಂತದಿಂದ ಮುಂದಿನ ಹಂತಕ್ಕೆ ರೋಗಿಯನ್ನು ತಲುಪಿಸುವಲ್ಲಿ.

ಎಷ್ಟು ಜನರಿಗೆ ಈ ರೋಗವಿದೆ ಎಂಬ ಪ್ರಶ್ನೆ ಸಹಜ. ದೇಶದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಇದರ ಪ್ರಮಾಣ ಶೇ. 38.6. ಇದರಲ್ಲಿ ಆಸ್ಪತ್ರೆಗೆ ಬಂದವರ ಮೇಲಿನ ಅಧ್ಯಯನಗಳೂ ಸೇರಿರುವುದರಿಂದ ಈ ಅಂಕಿಯನ್ನು ನೇರವಾಗಿ ಒಂದು ಗ್ರಾಮಕ್ಕೆ ಅನ್ವಯಿಸಬಾರದು. ಮಧುಮೇಹಿಗಳನ್ನು ಮಾತ್ರ ತೆಗೆದುಕೊಂಡರೆ ಜಗತ್ತಿನ ಅಧ್ಯಯನಗಳು ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕೊಬ್ಬಿನ ಯಕೃತ್ತನ್ನು ಕಂಡಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿಯಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು.

ಬೊಜ್ಜಿನವರಿಗೆ ಮಾತ್ರ ಎಂಬ ನಂಬಿಕೆಯನ್ನೂ ಇಲ್ಲಿಯೇ ಬಿಡಿಸಿಬಿಡುತ್ತೇನೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ 1,911 ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಬಡ ಹಳ್ಳಿಗರು, ದೈಹಿಕ ದುಡಿಮೆಯವರು. ಅವರಲ್ಲಿ ಶೇ. 8.7 ಮಂದಿಗೆ ಯಕೃತ್ತಿನಲ್ಲಿ ಕೊಬ್ಬು ಇತ್ತು, ಆ ಪೈಕಿ ನಾಲ್ಕರಲ್ಲಿ ಮೂವರು ದಪ್ಪಗಿರಲಿಲ್ಲ. ಭಾರತೀಯರ ದೇಹ ಕಡಿಮೆ ತೂಕದಲ್ಲಿಯೇ ಹೊಟ್ಟೆಯೊಳಗೆ ಕೊಬ್ಬು ಕೂಡಿಡುತ್ತದೆ. ಆದ್ದರಿಂದಲೇ ನಮ್ಮಲ್ಲಿ ದೇಹ ತೂಕ ಸೂಚ್ಯಂಕ 23 ದಾಟಿದರೆ ಹೆಚ್ಚಿನ ತೂಕ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರನ್ನು ‘ಅವರಿಗೇನು, ಸಪೂರ ಇದ್ದಾರೆ’ ಎಂದು ಬಿಟ್ಟುಬಿಡಬಾರದು. ದಿನವಿಡೀ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ನಮ್ಮ ಸಹೋದರಿಯರನ್ನು ಈ ಸಂದರ್ಭದಲ್ಲಿ ವಿಶೇಷವಾಗಿ ನೆನೆಯುತ್ತೇನೆ. ದುಡಿಮೆ ಬಹಳ, ನಡಿಗೆ ಇಲ್ಲ.

ಈಗ ತಪಾಸಣೆಯ ವಿಚಾರಕ್ಕೆ ಬರೋಣ. ಯಾವುದೇ ಸಾಮೂಹಿಕ ತಪಾಸಣೆ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದಿಟ್ಟಿದ್ದಾರೆ. ಅವುಗಳಲ್ಲಿ ಮುಖ್ಯವಾದುದು, ಪತ್ತೆಯಾದ ರೋಗಕ್ಕೆ ಮುಂದಿನ ಚಿಕಿತ್ಸೆಯ ಏರ್ಪಾಡು ಇದೆಯೇ ಎಂಬುದು. ಶಾಲೆಯ ಸಭಾಂಗಣದಲ್ಲಿ ಒಂದು ದಿನ ಸ್ಕ್ಯಾನಿಂಗ್ ಯಂತ್ರ ತಂದಿಟ್ಟು 300 ಮಂದಿಯನ್ನು ಮಲಗಿಸಿ ನೋಡಿದರೆ ಬಹುಶಃ ನೂರು ಮಂದಿಗೆ ಕೊಬ್ಬು ಇದೆಯೆಂದು ಗೊತ್ತಾಗಬಹುದು. ಅದರಿಂದ ಆಗುವ ಪ್ರಯೋಜನ ಕಡಿಮೆ. ಏಕೆಂದರೆ ಆ ನೂರರಲ್ಲಿ ನಾರುಗಟ್ಟುವಿಕೆ ಆರಂಭವಾದ ಹತ್ತು ಮಂದಿ ಯಾರು ಎಂಬುದನ್ನು ಸಾಮಾನ್ಯ ಸ್ಕ್ಯಾನಿಂಗ್ ಹೇಳುವುದಿಲ್ಲ. (ಈ ಮೂರು ಅಂಕಿಗಳನ್ನು ಉದಾಹರಣೆಗಾಗಿ ಹೇಳಿದ್ದೇನೆ.) ಕೊಬ್ಬು ಇದೆ ಎನ್ನುವುದಕ್ಕಿಂತ ನಾರು ಎಷ್ಟಿದೆ ಎಂಬುದೇ ಮನುಷ್ಯನ ಮುಂದಿನ ಆಯುಷ್ಯವನ್ನು ನಿರ್ಧರಿಸುವ ಪ್ರಶ್ನೆ. ಸ್ಕ್ಯಾನಿಂಗ್ ವರದಿಯ ಗ್ರೇಡ್ ಒಂದು, ಎರಡು, ಮೂರು ಎಂಬುದು ಕೊಬ್ಬಿನ ಪ್ರಮಾಣ ಮಾತ್ರ, ನಾರಿನ ಲೆಕ್ಕವಲ್ಲ. ಈ ವ್ಯತ್ಯಾಸವನ್ನು ದಯವಿಟ್ಟು ಮನೆಗೆ ಹೋಗಿ ಇತರರಿಗೂ ಹೇಳಿರಿ.

ನಾರಿನ ಅಂದಾಜಿಗೆ ಒಂದು ಸರಳ ಲೆಕ್ಕವಿದೆ, ಅದರ ಹೆಸರು ‘ಫಿಬ್-4’. ಬೇಕಾಗಿರುವುದು ನಾಲ್ಕು ಸಂಖ್ಯೆಗಳು: ರೋಗಿಯ ವಯಸ್ಸು, ಯಕೃತ್ತಿನ ರಕ್ತಪರೀಕ್ಷೆಯಲ್ಲಿ ಬರುವ ಎಸ್.ಜಿ.ಒ.ಟಿ. ಹಾಗೂ ಎಸ್.ಜಿ.ಪಿ.ಟಿ., ಮತ್ತು ಪ್ಲೇಟ್‌ಲೆಟ್ ಸಂಖ್ಯೆ. ಪ್ಲೇಟ್‌ಲೆಟ್ ಎಂದರೇನು ಎಂದು ನಾನು ವಿವರಿಸಬೇಕಾಗಿಲ್ಲ. ಡೆಂಗಿ ಕಾಲದಲ್ಲಿ ಪ್ರತಿ ಮನೆಯಲ್ಲೂ ಕೇಳುವ ಪದ ಅದು. ವಯಸ್ಸನ್ನು ಎಸ್.ಜಿ.ಒ.ಟಿ.ಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು ಎಸ್.ಜಿ.ಪಿ.ಟಿ.ಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ಮುಂದುವರಿದ ನಾರುಗಟ್ಟುವಿಕೆಯ ಸಂಭವ ಕಡಿಮೆ. 65 ವರ್ಷ ದಾಟಿದವರಲ್ಲಿ ಈ ಕೆಳಮಿತಿಯನ್ನು 2 ಎಂದು ಇಟ್ಟುಕೊಳ್ಳುತ್ತಾರೆ. 2.67ಕ್ಕಿಂತ ಹೆಚ್ಚಿದ್ದರೆ ತಜ್ಞರ ಬಳಿ ಕಳುಹಿಸಲೇಬೇಕು. ನಡುವೆ ಇರುವವರಿಗೆ ಇನ್ನೊಂದು ಪರೀಕ್ಷೆ ಬೇಕು.

ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. 52 ವರ್ಷದ ಮಹಿಳೆ, ಎಂಟು ವರ್ಷದಿಂದ ಮಧುಮೇಹ. ಎಸ್.ಜಿ.ಒ.ಟಿ. 45, ಎಸ್.ಜಿ.ಪಿ.ಟಿ. 36, ಪ್ಲೇಟ್‌ಲೆಟ್ 1,50,000 ಎಂದಿಟ್ಟುಕೊಳ್ಳೋಣ. 52 ಗುಣಿಸು 45 ಅಂದರೆ 2,340. 36ರ ವರ್ಗಮೂಲ 6; 150 ಗುಣಿಸು 6 ಅಂದರೆ 900. ಭಾಗಿಸಿದರೆ 2.6. ಈಗ ಇದೇ ವಯಸ್ಸಿನ ಇನ್ನೊಬ್ಬ ಮಹಿಳೆ: ಎಸ್.ಜಿ.ಪಿ.ಟಿ. ಅದೇ 36, ಎಸ್.ಜಿ.ಒ.ಟಿ. 24, ಪ್ಲೇಟ್‌ಲೆಟ್ 2,60,000. ಉತ್ತರ 0.8. ಮೊದಲನೆಯವರ ವರದಿಯನ್ನು ಬಿಡಿಬಿಡಿಯಾಗಿ ನೋಡಿದರೆ ಒಂದೇ ಒಂದು ಅಂಕಿ ಮಿತಿಗಿಂತ ಸ್ವಲ್ಪ ಹೆಚ್ಚು. ಉಳಿದೆಲ್ಲ ‘ನಾರ್ಮಲ್’ ಎಂದೇ ಕಾಣುತ್ತದೆ. ನಾಲ್ಕನ್ನೂ ಕೂಡಿಸಿ ನೋಡಿದಾಗ ಮಾತ್ರ ಆಕೆ ಮೇಲಿನ ಗಡಿಯ ಹತ್ತಿರ ನಿಂತಿರುವುದು ಗೊತ್ತಾಗುತ್ತದೆ. ಯಕೃತ್ತಿನ ರಕ್ತಪರೀಕ್ಷೆ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಮಧುಮೇಹಿಯನ್ನು ಮನೆಗೆ ಕಳುಹಿಸಬಾರದು ಎನ್ನುವುದು ಇದಕ್ಕಾಗಿ.

ಈ ಲೆಕ್ಕವನ್ನು ಮಾಡುವುದು ವೈದ್ಯಾಧಿಕಾರಿಯ ಕೆಲಸ, ತಮ್ಮದಲ್ಲ. ಆದರೂ ಇಷ್ಟು ವಿವರವಾಗಿ ಹೇಳಿದ್ದು, ಇದಕ್ಕೆ ಬೇಕಾಗುವುದು ದೊಡ್ಡ ಯಂತ್ರವಲ್ಲ, ಎರಡು ಸಾಮಾನ್ಯ ರಕ್ತಪರೀಕ್ಷೆ ಮತ್ತು ಒಂದು ಮೊಬೈಲ್ ಫೋನಿನ ಲೆಕ್ಕಯಂತ್ರ ಎಂಬುದು ತಮ್ಮ ಮನಸ್ಸಿಗೆ ಬರಲಿ ಎಂದು. ಯಂತ್ರ ಬೇಕೆಂದು ಠರಾವು ಮಾಡಿ ವರ್ಷಗಟ್ಟಲೆ ಕಾಯುವ ವಿಷಯ ಇದಲ್ಲ.

ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವ ಒಂದು ಎಚ್ಚರಿಕೆ ಇದೆ. ಜ್ವರ ಇರುವಾಗ ಈ ಲೆಕ್ಕ ಮಾಡಬಾರದು. ಡೆಂಗಿ ಮತ್ತು ಇಲಿಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್.ಜಿ.ಒ.ಟಿ. ಏರುತ್ತದೆ, ಆಗ ಬರುವ ಉತ್ತರಕ್ಕೂ ನಾರುಗಟ್ಟುವಿಕೆಗೂ ಸಂಬಂಧವಿರುವುದಿಲ್ಲ. ಜ್ವರ ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಪರೀಕ್ಷಿಸಬೇಕು. ಅಂತೆಯೇ 35 ವರ್ಷದೊಳಗಿನವರಲ್ಲಿ ಈ ಲೆಕ್ಕ ಅಷ್ಟು ನಂಬಲರ್ಹವಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಸೋಂಕು ಇಲ್ಲವೆಂಬುದನ್ನೂ ಒಮ್ಮೆ ಖಚಿತಪಡಿಸಿಕೊಳ್ಳಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಆ ಪರೀಕ್ಷೆ, ಚಿಕಿತ್ಸೆ ಉಚಿತವಾಗಿವೆ.

ನಡುವಿನ ಗುಂಪಿನವರಿಗೆ ಬೇಕಾದ ಪರೀಕ್ಷೆಯನ್ನು ಇಲಾಸ್ಟೋಗ್ರಫಿ ಎನ್ನುತ್ತಾರೆ. ಜನ ‘ಫೈಬ್ರೋಸ್ಕ್ಯಾನ್’ ಎನ್ನುವುದು ಇದನ್ನೇ. ಹೊರಗಿನಿಂದ ಪಕ್ಕೆಲುಬಿನ ಮೇಲೆ ಇಟ್ಟು ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ, ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ. ಅಳತೆ 8 ಕಿಲೋಪಾಸ್ಕಲ್‌ಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಸಮಾಧಾನ. ಈ ಯಂತ್ರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಮಣಿಪಾಲ ದೂರದೂರದ ಜಿಲ್ಲೆಗಳ ಜನರೂ ಬರುವ ವೈದ್ಯಕೀಯ ಕೇಂದ್ರ. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಹೊರಜಿಲ್ಲೆಯವರು ರಾತ್ರಿ ಬಸ್ಸಿನಲ್ಲಿ ಪ್ರಯಾಣಿಸಿ ಬರುವ ಊರಿನ ಪಕ್ಕದಲ್ಲಿ ನಾವಿದ್ದೇವೆ. ಆದರೂ ಕಡಲು ಮತ್ತು ಸ್ವರ್ಣಾ ನದಿಯ ನಡುವಿನ ಈ ಪಟ್ಟಿಯಿಂದ ಹೊರಟು, ಕೆಮ್ಮಣ್ಣು, ಸಂತೆಕಟ್ಟೆ ದಾಟಿ, ಅರ್ಧ ದಿನದ ಕೂಲಿ ಬಿಟ್ಟು ಅಲ್ಲಿಗೆ ಹೋಗಿ ಬರುವುದು ಬೀಡಿ ಕಟ್ಟುವ ಮಹಿಳೆಗೆ ಸುಲಭವಲ್ಲ. ನೋವಿಲ್ಲದ ಕಾಯಿಲೆಗೆ ಯಾರು ಕೂಲಿ ಬಿಡುತ್ತಾರೆ? ಚೀಟಿ ಬರೆದು ಕೊಟ್ಟಲ್ಲಿಗೆ ವೈದ್ಯರ ಕೆಲಸ ಮುಗಿದಂತೆ ತೋರುತ್ತದೆ, ಆ ಚೀಟಿ ಮನೆಯ ಕ್ಯಾಲೆಂಡರಿನ ಹಿಂದೆ ಸೇರುತ್ತದೆ. ತಪಾಸಣೆ ವಿಫಲವಾಗುವುದು ಬಹುತೇಕ ಈ ಜಾಗದಲ್ಲಿ, ಮತ್ತು ಪಂಚಾಯತ್‌ನ ಕೈ ತಲುಪುವುದೂ ಇದೇ ಜಾಗಕ್ಕೆ.

ತಾವು ಮಾಡಬಹುದಾದುದನ್ನು ಈಗ ಹೇಳುತ್ತೇನೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ಪ್ರತಿ ಕಂದಾಯ ಗ್ರಾಮದಲ್ಲಿದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ಇದೆ. ಸಮಿತಿಯ ಸಭೆಗಳಲ್ಲಿ ಚರಂಡಿ, ಸೊಳ್ಳೆ, ಬಾವಿಗೆ ಬ್ಲೀಚಿಂಗ್ ಪುಡಿ ಇವು ಚರ್ಚೆಯಾಗುತ್ತವೆ, ಆಗಲೇಬೇಕು. ಅದೇ ಸಭೆಯಲ್ಲಿ ಐದು ನಿಮಿಷ ತೆಗೆದು ಆಶಾ ಕಾರ್ಯಕರ್ತೆಯನ್ನೂ ಸಮುದಾಯ ಆರೋಗ್ಯ ಅಧಿಕಾರಿಯನ್ನೂ ಎರಡು ಸಂಖ್ಯೆ ಕೇಳಿರಿ: ಕಳೆದ ಮೂರು ತಿಂಗಳಲ್ಲಿ ಯಕೃತ್ತಿನ ಪರೀಕ್ಷೆಗೆಂದು ಮೇಲಿನ ಆಸ್ಪತ್ರೆಗೆ ಎಷ್ಟು ಮಂದಿಗೆ ಚೀಟಿ ಕೊಡಲಾಯಿತು, ಅವರಲ್ಲಿ ಎಷ್ಟು ಮಂದಿ ಹೋಗಿ ವರದಿಯೊಂದಿಗೆ ಹಿಂದಿರುಗಿದರು. ಸಂಖ್ಯೆ ಮಾತ್ರ. ಹೆಸರು ಕೇಳಬೇಡಿರಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಉದ್ದೇಶದಿಂದಲೇ ನಾವು ‘ಯಾರು ಹೋಗಿಲ್ಲ, ಹೇಳಿ, ನಾನು ಮಾತಾಡುತ್ತೇನೆ’ ಎನ್ನುತ್ತೇವೆ. ಲಿವರ್ ಎಂಬ ಪದಕ್ಕೆ ಅಂಟಿಕೊಂಡಿರುವ ಕಳಂಕವನ್ನು ಆಗಲೇ ಹೇಳಿದೆ. ಮದುವೆಗೆ ಬಂದಿರುವ ಮಗಳಿರುವ ಮನೆಯಲ್ಲಿ ತಂದೆಯ ಯಕೃತ್ತಿನ ವಿಷಯ ವಾರ್ಡಿನಲ್ಲಿ ಹರಡಿದರೆ ಆ ಮನೆಯವರು ಮತ್ತೆ ಆಶಾ ಕಾರ್ಯಕರ್ತೆಗೆ ಬಾಗಿಲು ತೆರೆಯಲಾರರು. ಗ್ರಾಮಸಭೆಯಲ್ಲಿಯಂತೂ ರೋಗಿಗಳ ಪಟ್ಟಿ ಓದುವ ಮಾತೇ ಬೇಡ. ಹಿಂಬಾಲಿಸಿ ವಿಚಾರಿಸುವ ಕೆಲಸ ಆಶಾ ಕಾರ್ಯಕರ್ತೆಯದು. ಅವರಿಗೆ ಬೇಕಾದ ಅನುಕೂಲ ಮಾಡಿಕೊಡುವುದು ತಮ್ಮದು.

ಅನುಕೂಲವೆಂದರೆ ದೊಡ್ಡದೇನೂ ಅಲ್ಲ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಅಳತೆಪಟ್ಟಿ, ಸರಿಯಾದ ತೂಕದ ಯಂತ್ರ ಮತ್ತು ಎತ್ತರ ಅಳೆಯುವ ಸಾಧನ ಇವೆಯೇ, ಕೆಲಸ ಮಾಡುತ್ತಿವೆಯೇ ಎಂದು ಒಮ್ಮೆ ಹೋಗಿ ನೋಡಿರಿ. ಮಹಿಳೆಯರ ಸೊಂಟದ ಸುತ್ತಳತೆ ತೆಗೆಯಲು ಮರೆ ಬೇಕು. ಒಂದು ಪರದೆ ಇಲ್ಲದ ಕಾರಣಕ್ಕೆ ಆಶಾ ಕಾರ್ಯಕರ್ತೆ ತುಂಬುವ ನಮೂನೆಯಲ್ಲಿ ಆ ಅಂಕಣ ಅಂದಾಜಿನಿಂದ ಭರ್ತಿಯಾಗುವುದುಂಟು. ಪರದೆಗೆ ಮುಕ್ತ ನಿಧಿ ಸಾಕು. ಮೇಲಿನ ಆಸ್ಪತ್ರೆಗೆ ಹೋಗಬೇಕಾದ ಐದಾರು ಮಂದಿಯನ್ನು ಒಂದೇ ದಿನಕ್ಕೆ ಗೊತ್ತುಮಾಡಿ ಜೊತೆಯಾಗಿ ಕಳುಹಿಸಿದರೆ, ಒಬ್ಬೊಬ್ಬರಾಗಿ ಹೋಗಲು ಹಿಂಜರಿಯುವ ಮಹಿಳೆಯರು ಹೊರಡುತ್ತಾರೆ. ಅಂದು ಯಾವ ವಿಭಾಗ ತೆರೆದಿರುತ್ತದೆ ಎಂದು ಮೊದಲೇ ಫೋನ್ ಮಾಡಿ ಕೇಳುವ ಕೆಲಸವನ್ನು ಪಂಚಾಯತ್ ಕಚೇರಿಯೇ ವಹಿಸಿಕೊಳ್ಳಬಹುದು.

ಸಮಯದ ಆಯ್ಕೆಯೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ವರ್ಷದ ಉಳಿದ ತಿಂಗಳುಗಳಲ್ಲಿ ಮಲ್ಪೆಯ ಬೋಟುಗಳಲ್ಲಿ ವಾರಗಟ್ಟಲೆ ಕಡಲಿನಲ್ಲಿರುವ ಗಂಡಸರು ಆಗ ಮನೆಯಲ್ಲಿರುತ್ತಾರೆ. ನಮ್ಮ ಅಸಾಂಕ್ರಾಮಿಕ ರೋಗಗಳ ದಾಖಲೆಯಲ್ಲಿ ಗಂಡಸರ ಹೆಸರು ಕಡಿಮೆ ಇರುವುದಕ್ಕೆ ಅವರಿಗೆ ರೋಗ ಕಡಿಮೆ ಎಂಬುದು ಕಾರಣವಲ್ಲ; ಹಗಲು ಹೊತ್ತಿನಲ್ಲಿ ಅವರು ಊರಿನಲ್ಲಿರುವುದಿಲ್ಲ, ಅಷ್ಟೇ. ಆ ಎರಡು ತಿಂಗಳಲ್ಲಿ ರಕ್ತದೊತ್ತಡ, ಸಕ್ಕರೆ, ಸೊಂಟದ ಅಳತೆ ಮುಗಿಸಿ ಅವರನ್ನು ದಾಖಲೆಗೆ ಸೇರಿಸಿಬಿಡಬೇಕು. ಜ್ವರದ ಕಾಲವೂ ಅದೇ ಆದುದರಿಂದ ಜ್ವರ ಬಂದವರ ಯಕೃತ್ತಿನ ರಕ್ತಪರೀಕ್ಷೆಯನ್ನು ಮುಂದಕ್ಕೆ ಹಾಕಬೇಕು. ಗಲ್ಫ್ ದೇಶಗಳಿಂದ ರಜೆಯಲ್ಲಿ ಬರುವವರದೂ ಇದೇ ಕಥೆ. ಒಂದು ತಿಂಗಳ ರಜೆಯಲ್ಲಿ ಮದುವೆ, ಮನೆ ಕೆಲಸ, ನೆಂಟರ ಭೇಟಿ ಮುಗಿಯುವಾಗ ವಿಮಾನದ ದಿನ ಬಂದಿರುತ್ತದೆ. ಬಂದ ಮೊದಲ ವಾರದಲ್ಲಿಯೇ ಅವರನ್ನು ಕ್ಲಿನಿಕ್‌ಗೆ ಕರೆತರಲು ಮನೆಯವರಿಗೆ ತಿಳಿಸಬೇಕು. ರಂಜಾನ್ ತಿಂಗಳಿನ ಬಗ್ಗೆ ಕೆಲವರು ಕೇಳುತ್ತಾರೆ: ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ., ಪ್ಲೇಟ್‌ಲೆಟ್ ಈ ಮೂರಕ್ಕೂ ಬರಿಹೊಟ್ಟೆ ಬೇಕಿಲ್ಲ, ತಿಂದಿರಬೇಕೆಂದೂ ಇಲ್ಲ.

ಪತ್ತೆಯಾದ ಮೇಲೆ ಮಾಡುವುದೇನು? ಇಲ್ಲಿ ನನಗೆ ಸಂತೋಷದ ಮಾತು ಹೇಳಲಿಕ್ಕಿದೆ. ಯಕೃತ್ತು ಕ್ಷಮಾಗುಣವುಳ್ಳ ಅಂಗ. ದೇಹದ ತೂಕದಲ್ಲಿ ಶೇ. 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ, ಶೇ. 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ, ಶೇ. 10ಕ್ಕಿಂತ ಹೆಚ್ಚು ಇಳಿಸಿ ಅದನ್ನು ಉಳಿಸಿಕೊಂಡವರಲ್ಲಿ ನಾರು ಕೂಡ ಹಿಂದೆ ಸರಿದದ್ದನ್ನು ಅಧ್ಯಯನಗಳು ಕಂಡಿವೆ. 70 ಕಿಲೋ ತೂಗುವವರಿಗೆ ಶೇ. 5 ಎಂದರೆ ಮೂರೂವರೆ ಕಿಲೋ. ಆರು ತಿಂಗಳಲ್ಲಿ ಅಸಾಧ್ಯವಾದುದಲ್ಲ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಈ ರೋಗಕ್ಕೆಂದೇ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದೆ, ಅದು ನಾರುಗಟ್ಟುವಿಕೆ ಮುಂದುವರಿದವರಿಗೆ. ನಮ್ಮ ಕ್ಲಿನಿಕ್‌ಗೆ ಬರುವ ಬಹುತೇಕರಿಗೆ ಮದ್ದು ಊಟದ ಬಟ್ಟಲಿನಲ್ಲಿಯೇ ಇದೆ.

ಆ ಬಟ್ಟಲಿನ ವಿಷಯದಲ್ಲಿ ಪೇಟೆಯವರ ಪಥ್ಯದ ಪಟ್ಟಿಯನ್ನು ನಾನು ತರುವುದಿಲ್ಲ. ಕುಚ್ಚಲಕ್ಕಿ ಅನ್ನ ಕೆಟ್ಟದ್ದಲ್ಲ, ಅದರ ರಾಶಿ ಹೆಚ್ಚು. ಬಂಗುಡೆ, ಬೂತಾಯಿ ಉತ್ತಮ ಆಹಾರ. ಗಸಿ ಮಾಡಿದರೆ ಒಳ್ಳೆಯದು, ದಿನವೂ ಎಣ್ಣೆಯಲ್ಲಿ ಹುರಿಯುವುದು ಬೇಡ. ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿ ಅನ್ನದಷ್ಟೇ ಜಾಗ ಪಡೆಯಲಿ. ಯಕೃತ್ತಿಗೆ ನಿಜವಾಗಿ ಭಾರವಾಗುವುದು ದಿನಕ್ಕೆ ನಾಲ್ಕೈದು ಬಾರಿ ಎರಡೆರಡು ಚಮಚ ಸಕ್ಕರೆಯ ಚಹಾ, ಅದರ ಜೊತೆಗಿನ ಬನ್ಸ್ ಮತ್ತು ಗೋಳಿಬಜೆ, ಮತ್ತು ಬಾಟಲಿಯ ಬಣ್ಣದ ಪಾನೀಯ. ಪಂಚಾಯತ್ ಸಭೆಗಳಲ್ಲಿ, ಕ್ರೀಡಾಕೂಟಗಳಲ್ಲಿ, ಸನ್ಮಾನ ಸಮಾರಂಭಗಳಲ್ಲಿ ನಾವೇ ಹಂಚುವುದು ಇದನ್ನು. (ಇವತ್ತಿನ ಚಹಾದಲ್ಲಿ ಸಕ್ಕರೆ ಎಷ್ಟಿತ್ತು ಎಂದು ನಾನು ಕೇಳುವುದಿಲ್ಲ.) ಮಜ್ಜಿಗೆ ಅಥವಾ ಎಳನೀರು ಕೊಡಲು ಠರಾವೇನೂ ಬೇಕಿಲ್ಲ. ಸಕ್ಕರೆಯಿಲ್ಲದ ಕಾಫಿ ಕುಡಿಯುವವರಲ್ಲಿ ನಾರುಗಟ್ಟುವಿಕೆ ಕಡಿಮೆ ಎಂದು ಹಲವು ಅಧ್ಯಯನಗಳು ಸೂಚಿಸಿರುವುದರಿಂದ ಕಾಫಿಪ್ರಿಯರು ಸಕ್ಕರೆಯನ್ನಷ್ಟೇ ಬಿಟ್ಟರೆ ಸಾಕು. ನಡಿಗೆ ವಾರಕ್ಕೆ 150 ನಿಮಿಷ. ಮದ್ಯ ಸೇವಿಸುವವರಿಗೆ ಮಧುಮೇಹವೂ ಇದ್ದರೆ ಎರಡೂ ಸೇರಿ ಯಕೃತ್ತನ್ನು ಬೇಗ ಕೆಡಿಸುತ್ತವೆ. ಅವರಿಗೆ ಬೈಗುಳ ಬೇಡ, ಬಿಡಲು ಸಹಾಯ ಬೇಕು.

ಮದ್ದಿನ ಬಗ್ಗೆ ಎರಡು ಮಾತು. ‘ಲಿವರ್ ಟಾನಿಕ್’ ಎಂದು ಅಂಗಡಿಯಲ್ಲಿ ಸಿಗುವ ಬಾಟಲಿಗಳು ತಪಾಸಣೆಗೂ ತೂಕ ಇಳಿಸುವುದಕ್ಕೂ ಬದಲಿಯಲ್ಲ. ಬೇರು, ಎಲೆ, ಪುಡಿ ಏನನ್ನೇ ಸೇವಿಸುತ್ತಿದ್ದರೂ ಅದನ್ನು ವೈದ್ಯರ ಮುಂದೆ ಮುಚ್ಚಿಡಬಾರದು, ಏಕೆಂದರೆ ಕೆಲವು ಗಿಡಮೂಲಿಕೆಗಳಿಂದಲೇ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಮತ್ತು ಯಕೃತ್ತಿನಲ್ಲಿ ಕೊಬ್ಬಿದೆ ಎಂದು ತಿಳಿದ ಕೂಡಲೇ ಸಕ್ಕರೆಯ ಮಾತ್ರೆಯನ್ನೋ ಕೊಲೆಸ್ಟರಾಲ್ ಮಾತ್ರೆಯನ್ನೋ ‘ಲಿವರಿಗೆ ಉಷ್ಣ’ ಎಂದು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಇದು ಅಪಾಯ. ಈ ರೋಗಿಗಳಲ್ಲಿ ಸಾವಿಗೆ ಮೊದಲ ಕಾರಣ ಯಕೃತ್ತಲ್ಲ, ಹೃದಯಾಘಾತ ಮತ್ತಿತರ ಹೃದಯರೋಗಗಳು. ಆ ಮಾತ್ರೆಗಳು ಹೃದಯವನ್ನು ಕಾಯುತ್ತಿರುತ್ತವೆ.

ಮೊದಲ ಲೆಕ್ಕದಲ್ಲಿ 1.3ಕ್ಕಿಂತ ಕಡಿಮೆ ಬಂದ ಮಧುಮೇಹಿಗಳನ್ನು ಒಂದೆರಡು ವರ್ಷದಲ್ಲಿ ಮತ್ತೆ ಪರೀಕ್ಷಿಸಬೇಕು. ಆದ್ದರಿಂದ ಕ್ಲಿನಿಕ್‌ನ ರೋಗಿ ಪುಸ್ತಕದಲ್ಲಿ ಸಕ್ಕರೆ, ರಕ್ತದೊತ್ತಡಗಳ ಪಕ್ಕದಲ್ಲಿ ಈ ಅಂಕಿಯನ್ನೂ ದಿನಾಂಕವನ್ನೂ ಬರೆಯಿಸಿಕೊಳ್ಳಲು ರೋಗಿಗಳಿಗೆ ಹೇಳಿರಿ. ಗಲ್ಫಿಗೆ ಹೋಗಲಿ, ಮುಂಬೈಗೆ ಹೋಗಲಿ, ಪುಸ್ತಕ ಜೊತೆಗಿದ್ದರೆ ಅಲ್ಲಿನ ವೈದ್ಯರಿಗೂ ಹಿಂದಿನ ಸ್ಥಿತಿ ತಿಳಿಯುತ್ತದೆ. ಸಮಿತಿಯ ಸಭೆಯಲ್ಲಿ ಕೇಳಬೇಕಾದ ಎರಡು ಸಂಖ್ಯೆಗಳನ್ನು ನಡಾವಳಿ ಪುಸ್ತಕದಲ್ಲಿ ಈ ತಿಂಗಳಿನಿಂದಲೇ ನಮೂದಿಸಲು ವಿನಂತಿ. ಮೊದಲ ಬಾರಿ ಎರಡೂ ಸೊನ್ನೆಯಾಗಿದ್ದರೆ ಸೊನ್ನೆಯೆಂದೇ ಬರೆಯಿರಿ. ಇನ್ನುಳಿದ ಸಮಯ ತಮ್ಮ ಪ್ರಶ್ನೆಗಳಿಗೆ.